ಮಲಗು, ಏಳು, ಏಣಿ

ಬೂಟಿನ ದಾರ ಬಿಚ್ಚಿಕೊಂಡಿದೆ ಎಂಬ ನಾಟಕವನ್ನು ನಾನು ಎರಡು ತಿಂಗಳು ಆಡಿದೆ. ಚೆನ್ನಾಗಿಯೇ ಆಡಿದೆ. ಕೊನೆಗೆ ಸಿಕ್ಕಿಬಿದ್ದದ್ದು ದಾರದಿಂದಲ್ಲ, ಒಂದು ಅಂಗಿಯ ಗುಂಡಿಯಿಂದ.

ನಾನು ಅಗ್ನಿಶಾಮಕ ಠಾಣೆಯಲ್ಲಿ ಏಣಿ ಹತ್ತುವವಳು. ಹನ್ನೊಂದು ವರ್ಷವಾಯಿತು. ಇಪ್ಪತ್ತಮೂರು ಗಂಡಸರ ನಡುವೆ ಒಬ್ಬಳೇ ಹೆಂಗಸು, ಹಾಗಾಗಿ ಎಲ್ಲರೂ ನನ್ನನ್ನು ಅಕ್ಕ ಎನ್ನುತ್ತಾರೆ. ನನಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎನ್ನುತ್ತಾರೆ. ನನಗೆ ಕೋಪ ಮೂಗಿನ ತುದಿಯಲ್ಲಿದೆ ಎಂದೂ ಹೇಳುತ್ತಾರೆ. ಇರಲಿ, ಮೂಗು ನನ್ನದೇ ತಾನೆ.

ನಮ್ಮ ಬೆಳಗಿನ ಕಸರತ್ತಿಗೆ ಮೂರೇ ಮಾತು: ಮಲಗು, ಏಳು, ಏಣಿ. ದಪ್ಪ ಕೋಟು, ಟೋಪಿ, ಬೂಟು ಎಲ್ಲ ಏರಿಸಿಕೊಂಡು ಅಂಗಳದ ಕಾಂಕ್ರೀಟಿನ ಮೇಲೆ ಬೋರಲು ಮಲಗಬೇಕು. ಸೀಟಿ ಊದಿದ ಕೂಡಲೇ ಎದ್ದು, ಇಪ್ಪತ್ತು ಹೆಜ್ಜೆ ಓಡಿ, ಏಣಿ ಹತ್ತಿ, ಅಭ್ಯಾಸದ ಗೋಪುರದ ಮೂರನೇ ಮಹಡಿಯ ಕಿಟಕಿಯೊಳಗೆ ಕಾಲು ಹಾಕಬೇಕು. ನಲವತ್ತು ಸೆಕೆಂಡಿನೊಳಗೆ. ಆಮೇಲೆ ಇಳಿದು ಬಂದು ಮತ್ತೆ ಮಲಗಬೇಕು. ಹೀಗೆ ನಾಲ್ಕು ಸುತ್ತು.

ಇಷ್ಟು ವರ್ಷ ನನಗೆ ಇದು ಲೆಕ್ಕಕ್ಕೇ ಇರಲಿಲ್ಲ. ಈ ಬೇಸಿಗೆಯಲ್ಲಿ ಶುರುವಾಯಿತು. ಮಲಗಿದ್ದಾಗ ಏನೂ ಇಲ್ಲ, ಓಡುವಾಗ ಏನೂ ಇಲ್ಲ. ಮಲಗಿದ್ದವಳು ಎದ್ದು ನಿಂತ ಆ ಕ್ಷಣಕ್ಕೆ ಮಾತ್ರ ಕಿವಿ ಗುಂಯ್ ಎನ್ನುತ್ತದೆ, ಅಂಗಳದ ಅಂಚಿನಿಂದ ಕತ್ತಲೆ ಒಳಗೆ ಬರುತ್ತದೆ, ತಲೆ ನನ್ನದಲ್ಲವೆಂಬಂತೆ ಹಗುರವಾಗುತ್ತದೆ. ಮೂರು ನಾಲ್ಕು ಉಸಿರು ಎಳೆದರೆ ಎಲ್ಲ ಮೊದಲಿನಂತೆ. ಆ ಮೂರು ಉಸಿರನ್ನು ಮುಚ್ಚಿಡಲು ನಾನು ಬಗ್ಗಿ ಬೂಟಿನ ದಾರ ಎಳೆಯುತ್ತಿದ್ದೆ. ಬಗ್ಗಿ ಮತ್ತೆ ಎದ್ದಾಗ ಇನ್ನೊಂದು ಸಲ ಕತ್ತಲೆ ಬರುತ್ತಿತ್ತು. ನನ್ನ ಬುದ್ಧಿವಂತಿಕೆ ಅಷ್ಟು ಚೆಂದ.

ಗುಂಡಿಯ ವಿಷಯ ಹೇಳಬೇಕು. ನನ್ನ ಅಮ್ಮ ಇಪ್ಪತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ಬೆಳಿಗ್ಗೆ ಐದಕ್ಕೆ ಬಸ್ ಹತ್ತಿದರೆ ಮಧ್ಯಾಹ್ನ ಎರಡರವರೆಗೆ ಇಳಿಯುವಂತಿಲ್ಲ, ಇಳಿದರೂ ಹೆಂಗಸರು ಹೋಗುವಂಥ ಜಾಗ ಯಾವ ನಿಲ್ದಾಣದಲ್ಲೂ ಇಲ್ಲ. ಅದಕ್ಕೆ ಅಮ್ಮ ಕೆಲಸದ ಹೊತ್ತಿನಲ್ಲಿ ನೀರು ಮುಟ್ಟುತ್ತಿರಲಿಲ್ಲ. ಬಾಯಿ ಒಣಗಿದರೆ ಯೂನಿಫಾರ್ಮಿನ ಒಂದು ಹಳೇ ಗುಂಡಿಯನ್ನು ನಾಲಗೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಬಾಯಲ್ಲಿ ನೀರೂರುತ್ತದೆ, ಬಾಯಾರಿಕೆ ಮರೆಯುತ್ತದೆ. ನಾನು ಠಾಣೆಗೆ ಸೇರಿದ ದಿನ ಅದೇ ಗುಂಡಿಯನ್ನು ತೊಳೆದು ನನ್ನ ಕೈಗೆ ಕೊಟ್ಟಳು. ಹೊರಗೆ ದುಡಿಯುವ ಹೆಂಗಸು ಮೊದಲು ಕಲಿಯಬೇಕಾದ್ದು ತಡೆದುಕೊಳ್ಳುವುದನ್ನು ಎಂದಳು. ಅದನ್ನು ನಾವಿಬ್ಬರೂ ಒಂದು ವಿದ್ಯೆ ಎಂದೇ ತಿಳಿದಿದ್ದೆವು. ನನಗೆ ಅದರ ಬಗ್ಗೆ ಜಂಬವೂ ಇತ್ತು.

ಠಾಣೆಯಲ್ಲಿ ಆ ವಿದ್ಯೆ ಬೇಕೇ ಬೇಕಿತ್ತು. ಹಿಂದುಗಡೆ ಒಂದು ಶೌಚಾಲಯವಿದೆ. ಗಂಡಸರದು ಎಂದು ಬರೆದಿಲ್ಲ, ಬರೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಬಾಗಿಲಿಗೆ ಚಿಲಕ ಇಲ್ಲ. ನಾನೇ ಒಂದು ತಂದು ಹೊಡೆದು ನೋಡಿದೆ, ಹುಳ ತಿಂದ ಮರದಲ್ಲಿ ಸ್ಕ್ರೂ ನಿಲ್ಲಲಿಲ್ಲ. ಮೂರು ಅರ್ಜಿ ಬರೆದೆ. ಮೂರನೆಯದಕ್ಕೆ ಮಾತ್ರ ಉತ್ತರ ಬಂತು, ಪರಿಶೀಲನೆಯಲ್ಲಿದೆ ಎಂದು. ರಸ್ತೆಯಾಚೆಯ ಪೆಟ್ರೋಲ್ ಬಂಕಿಗೆ ಹೋಗಿಬರುತ್ತಿದ್ದೆ. ಒಂದು ದಿನ ಅಲ್ಲಿರುವಾಗಲೇ ಗಂಟೆ ಹೊಡೆಯಿತು, ಗಾಡಿ ನನ್ನನ್ನು ಬಿಟ್ಟು ಹೋಯಿತು, ನನಗೆ ಮೆಮೊ ಬಂತು. ಅಂದಿನಿಂದ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಗುಂಡಿಯೇ ಗತಿ. ಹತ್ತು ಸಾವಿರ ಲೀಟರ್ ನೀರು ಹೊತ್ತ ಗಾಡಿಯ ಪಕ್ಕ ನಿಂತು ಒಂದು ಲೋಟ ನೀರು ಕುಡಿಯದೆ ಇಷ್ಟು ವರ್ಷ ಕಳೆದೆ.

ಆ ಮಂಗಳವಾರ ಮೂರನೇ ಸುತ್ತಿನಲ್ಲಿ ಸೀಟಿ ಊದಿತು. ಎದ್ದೆ. ಕತ್ತಲೆ ಬಂತು, ಆದರೆ ಈ ಸಲ ಹೋಗಲಿಲ್ಲ. ಏಣಿ ಹಿಡಿಯಲು ಕೈ ಚಾಚಿದೆ ಎಂದು ನೆನಪು. ಏಣಿ ಅಲ್ಲಿರಲಿಲ್ಲ, ಸ್ವಲ್ಪ ಆಚೆಗಿತ್ತು. ಅದರ ಕಬ್ಬಿಣ ನನ್ನ ತುಟಿಗೆ ಬಡಿದು, ಬಾಯಲ್ಲಿದ್ದ ಗುಂಡಿ ಹಾರಿ, ಟಣ್ ಎಂದು ಕಾಂಕ್ರೀಟಿನ ಮೇಲೆ ಬಿತ್ತು. ನಮ್ಮ ಗಾಡಿಯ ಡ್ರೈವರ್ ಓಡಿ ಬಂದ. ಕುರ್ಚಿಯಲ್ಲಿ ಕೂತಾಗಲೂ ಬಲಗಾಲು ಒತ್ತುತ್ತಲೇ ಇರುವುದರಿಂದ ಅವನಿಗೆ ಬ್ರೇಕಣ್ಣ ಎಂದೇ ಹೆಸರು. ಅಕ್ಕನ ಹಲ್ಲು ಉದುರಿತು ಎಂದು ಕೂಗಿ, ಗುಂಡಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡ. ಬಿಚ್ಚಿ ನೋಡಿದರೆ ನಾಲ್ಕು ತೂತಿನ ಹಲ್ಲು. ಎಲ್ಲರೂ ನಕ್ಕರು. ತುಟಿಯಿಂದ ರಕ್ತ ಸೋರುತ್ತಿದ್ದರೂ ನನಗೂ ನಗು ಬಂತು. ಸಾಹೇಬರು ಮಾತ್ರ ನಗಲಿಲ್ಲ.

ನಮ್ಮ ಠಾಣಾಧಿಕಾರಿ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು, ಬೈದು ಕೈ ತೊಳೆದುಕೊಳ್ಳುತ್ತಿದ್ದೆ. ರೂಮಿಗೆ ಕರೆದು, ಕುರ್ಚಿ ಕೊಟ್ಟು, ದಾರದ ನಾಟಕ ತಮಗೆ ಮೊದಲಿನಿಂದಲೂ ಕಾಣುತ್ತಿತ್ತು ಎಂದರು. ಮುಂದಿನ ಸೋಮವಾರ ಮುಖ್ಯ ಕಚೇರಿಯಿಂದ ಇಬ್ಬರು ಪರೀಕ್ಷೆಗೆ ಬರುತ್ತಾರೆ, ಅವರ ಮುಂದೆ ಓಲಾಡಿದರೆ ಏಣಿಯ ಪಟ್ಟಿಯಿಂದ ಹೆಸರು ತೆಗೆಯುವುದು ಬಿಟ್ಟು ದಾರಿಯಿಲ್ಲ ಎಂದರು.

"ನೋಡಮ್ಮ, ಫೋನ್ ರೂಮೂ ಇದೇ ಠಾಣೆ ತಾನೆ. ಕೂತು ಮಾಡೋ ಕೆಲಸ, ಮರ್ಯಾದೆ ಕೆಲಸ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ಮೈಯೆಲ್ಲ ಉರಿಯಿತು. ಎದ್ದು ನಿಂತರೆ ರಕ್ತ ತಲೆಗೆ ಏರುತ್ತಿರಲಿಲ್ಲ, ಪಿತ್ತ ಮಾತ್ರ ಚೆನ್ನಾಗಿ ನೆತ್ತಿಗೇರಿತು. ಆದರೂ ಅವರ ಮಾತು ಸುಳ್ಳಲ್ಲ. ಏಣಿಯ ಮೇಲಿಂದ ನಾನು ಬಿದ್ದರೆ ನಾನೊಬ್ಬಳೇ ಬೀಳುವುದಿಲ್ಲ, ನನ್ನ ಹೆಗಲ ಮೇಲಿರುವವರೂ ಬೀಳುತ್ತಾರೆ. ಅದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತು. ಫೋನ್ ರೂಮಿಗೆ ನಾನು ಹೋಗುವುದಿಲ್ಲ ಎಂದಷ್ಟೇ ಹೇಳಿ ಹೊರಗೆ ಬಂದೆ.

ಹೊರಗೆ ಆಗಲೇ ವೈದ್ಯರ ಸಭೆ ನೆರೆದಿತ್ತು. ಒಬ್ಬ ಕಣ್ಣಿನ ದೋಷ ಎಂದ, ಇನ್ನೊಬ್ಬ ನಲವತ್ತೊಂದು ದಾಟಿತಲ್ಲ ವಯಸ್ಸು ಎಂದ. ಮತ್ತೊಬ್ಬ ಹಲ್ಲು ಬಿಡುತ್ತಾ ಏನಾದರೂ ಸಿಹಿ ಸುದ್ದಿಯೋ ಎಂದ. ನಾನು ನೋಡಿದ ನೋಟಕ್ಕೆ ಅವನು ಆ ದಿನವೆಲ್ಲ ಗಾಡಿಯ ಆಚೆ ಬದಿಯಲ್ಲೇ ಓಡಾಡಿದ.

ಸಂಜೆ ಮನೆಗೆ ಹೋದೆ. ಅಣ್ಣ, ಅತ್ತಿಗೆ, ಅಮ್ಮ, ನಾನು, ನಾಲ್ವರ ಮನೆ ನಮ್ಮದು. ಅತ್ತಿಗೆ ಆರೋಗ್ಯ ಕೇಂದ್ರದಲ್ಲಿ ನರ್ಸು, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಬಾಯಲ್ಲಿ ದೊಡ್ಡವಳು. ನನ್ನ ತುಟಿ ನೋಡಿದವಳೇ ಚಾಪೆ ಹಾಸಿ ಮಲಗಿಸಿ, ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. ನೂರ ಹದಿನೆಂಟು. ಎದ್ದು ನಿಲ್ಲು ಎಂದಳು. ಮತ್ತೆ ನೋಡಿದರೆ ತೊಂಬತ್ತು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀ ಎಂದು ಕೇಳಿದಳು. ಹೊರಡುವಾಗ ಅರ್ಧ ಲೋಟ, ಆಮೇಲೆ ಮನೆಗೆ ಬಂದ ಮೇಲೆಯೇ ಎಂದು ನಾನು ಎದೆಯುಬ್ಬಿಸಿಯೇ ಹೇಳಿದೆ. ಅತ್ತಿಗೆ ನಕ್ಕಳು. ನಾನು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾದಾಗ ಅವಳ ನಗು ನಿಂತಿತು.

ಮಾರನೇ ದಿನ ಅವಳ ಕೇಂದ್ರದ ಡಾಕ್ಟರು ರಕ್ತ, ಎದೆ ಎಲ್ಲ ನೋಡಿ, ಬೇರೆ ಕಾಯಿಲೆ ಏನೂ ಇಲ್ಲ ಎಂದರು. ವಿಷಯ ಸರಳವಾಗಿತ್ತು. ಮಲಗಿದ್ದವಳು ದಡಕ್ಕನೆ ಎದ್ದರೆ ರಕ್ತವೆಲ್ಲ ಕಾಲಿಗೆ ಇಳಿಯುತ್ತದೆ. ಅದನ್ನು ತಲೆಗೆ ಮೇಲೆತ್ತಲು ದೇಹಕ್ಕೆ ಒಂದೆರಡು ಕ್ಷಣ ಬೇಕು, ಮೈಯಲ್ಲಿ ನೀರೂ ಬೇಕು. ಆ ದಪ್ಪ ಕೋಟಿನೊಳಗೆ ಬೆವರಿ ಬೆವರಿ ನೀರೆಲ್ಲ ಹೊರಗೆ, ಒಳಕ್ಕೆ ಒಂದು ಗುಟುಕೂ ಇಲ್ಲ. ಚೆನ್ನಾಗಿ ನೀರು ಕುಡಿ, ಒಮ್ಮೆಲೇ ಏಳಬೇಡ, ಮೊದಲು ಒಂದು ಮಂಡಿಯೂರಿ ಉಸಿರು ತೆಗೆದುಕೊಂಡು ಆಮೇಲೆ ಏಳು ಎಂದರು. ಯಾವುದಾದರೂ ಕೆಲಸ ಸುಲಭ ಎನ್ನಲು ನೀರು ಕುಡಿದಷ್ಟು ಸಲೀಸು ಎನ್ನುತ್ತಾರಲ್ಲ, ಹಾಗೆಂದವರು ನಮ್ಮ ಠಾಣೆಗೆ ಒಮ್ಮೆ ಬರಬೇಕು.

ಅತ್ತಿಗೆ ಇದನ್ನೆಲ್ಲ ಮನೆಯಲ್ಲಿ ಹೇಳುವಾಗ ಅಮ್ಮ ಕಿಟಕಿಯ ಹತ್ತಿರ ಕೂತು ಕೇಳುತ್ತಿದ್ದಳು. ಏಳು ಕೆರೆ ನೀರು ಕುಡಿದವಳು ಎಂದು ಅಣ್ಣ ಅವಳನ್ನು ಯಾವಾಗಲೂ ರೇಗಿಸುತ್ತಾನೆ. ಅವಳು ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡಿರುವ ಹೆಂಗಸು. ಆ ದಿನ ಸುಮ್ಮನೆ ಎದ್ದು ಒಳಗೆ ಹೋದಳು. ಗುರುವಾರ ಬೆಳಿಗ್ಗೆ ನಾನು ಹೊರಡುವಾಗ ಬಾಗಿಲ ಬಳಿ ಬಂದು, ಗುಂಡಿ ಕೊಡು ಎಂದು ಕೈ ಚಾಚಿದಳು. ಕೊಟ್ಟೆ. ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ನಂಗೆ ಬಡ್ತಿ ಸಿಗ್ಲಿಲ್ಲ ಕಣೇ. ನಾನು ಬಸ್ಸಲ್ಲಿ ಬಿದ್ದೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅಮ್ಮನ ಕೆಲಸದ ಕೊನೆಯ ಹನ್ನೊಂದು ವರ್ಷ ಡಿಪೋದ ಕಳೆದುಹೋದ ವಸ್ತುಗಳ ಕೋಣೆಯಲ್ಲಿ ಕಳೆಯಿತು. ಜನ ಬಿಟ್ಟುಹೋದ ಛತ್ರಿ, ಚೀಲ, ಒಂಟಿ ಚಪ್ಪಲಿಗಳ ನಡುವೆ ಒಂದು ಮೇಜು ಹಾಕಿಕೊಂಡು ಕೂತಿರುತ್ತಿದ್ದಳು. ಅದು ಬಡ್ತಿ ಎಂದು ನಮಗೆಲ್ಲ ಹೇಳಿದ್ದಳು. ಆ ದಿನ ಅಣ್ಣ ಮನೆಮಂದಿಗೆಲ್ಲ ಸಿಹಿ ಹಂಚಿದ್ದ.

"ಬಗ್ಗಿ ಟಿಕೆಟ್ ಕಟ್ಟು ಎತ್ಕೊಂಡು ಎದ್ದೆ, ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಜನರ ಕಾಲಡಿ ಬಿದ್ದಿದ್ದೆ. ಹೆಂಗಸರ ಕೈಲಿ ಆಗಲ್ಲ, ಕೂತು ಮಾಡೋ ಕೆಲಸ ಕೊಡ್ತೀವಿ ಅಂದ್ರು. ನಂಗೂ ಹಂಗೇ ಅನ್ನಿಸ್ತು, ನನ್ನ ಕೈಲಿ ಆಗಲ್ಲ ಅಂತ. ನೀರು ಕುಡಿದಿದ್ರೆ ಆಗ್ತಿತ್ತು ಅಂತ ನಿನ್ನೆ ಗೊತ್ತಾಯ್ತು."

ಇಷ್ಟು ಹೇಳಿ, ಹೊತ್ತಾಯಿತು ಹೋಗು ಎಂದು ನನ್ನನ್ನು ದಬ್ಬಿದಳು. ನಾನು ದಾರಿಯುದ್ದಕ್ಕೂ ಅತ್ತೆ. ಅಳು ಬಂದದ್ದು ಅಮ್ಮನಿಗಾಗಿ, ಕೋಪ ಬಂದದ್ದು ಇಬ್ಬರಿಗಾಗಿ. ಠಾಣೆಯ ಗೇಟು ದಾಟುವಷ್ಟರಲ್ಲಿ ಅಳು ನಿಂತು ಕೋಪ ಮಾತ್ರ ಉಳಿದಿತ್ತು.

ನೇರವಾಗಿ ಸಾಹೇಬರ ರೂಮಿಗೆ ಹೋದೆ. ಅವರ ರೂಮಿಗೆ ಅಂಟಿಕೊಂಡು ಅವರದೇ ಒಂದು ಶೌಚಾಲಯವಿದೆ. ಬಿಳಿ ಟೈಲ್ಸು, ಹಿತ್ತಾಳೆಯ ಚಿಲಕ. ಅದರ ಬೀಗದ ಕೈ ಅವರ ಕುರ್ಚಿಯ ಹಿಂದಿನ ಮೊಳೆಗೆ ನೇತಾಡುತ್ತಿರುತ್ತದೆ. ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ನಾನು ನೀರು ಕುಡಿಯಬೇಕು, ಕುಡಿದರೆ ಹೋಗಬೇಕು, ಹೋಗಲು ಚಿಲಕವಿರುವ ಬಾಗಿಲು ಬೇಕು, ಆ ಬೀಗದ ಕೈ ಕೊಡಿ ಎಂದೆ. ಸಾಹೇಬರ ಮುಖ ಕೆಂಪಾಯಿತು. ಹೆಂಗಸೊಬ್ಬಳು ಹೀಗೆ ಬಿಚ್ಚಿ ಹೇಳಿದ್ದನ್ನು ಅವರು ಕೇಳಿರಲಿಲ್ಲವೋ ಏನೋ. ಅದು ಅಧಿಕಾರಿಗಳಿಗೆ ಮೀಸಲು, ನಿಯಮವಿದೆ, ಒಂದು ಅರ್ಜಿ ಕೊಟ್ಟರೆ ಮೇಲಕ್ಕೆ ಕಳಿಸುತ್ತೇನೆ ಎಂದರು. ಮೂರು ಕೊಟ್ಟಿದ್ದೇನೆ ಎಂದೆ. ನಾಲ್ಕನೆಯದನ್ನು ಕೊಡಮ್ಮ ಎಂದರು. ನಾನು ಕೊಡಲಿಲ್ಲ.

ನೀರು ಕುಡಿಯುವುದನ್ನೂ ಬಿಡಲಿಲ್ಲ. ಒಂದು ಲೀಟರಿನ ಬಾಟಲಿ ತಂದು ಎಲ್ಲರ ಎದುರಿಗೇ ಕುಡಿಯತೊಡಗಿದೆ. ಹಿಂದಿನ ಶೌಚಾಲಯಕ್ಕೆ ಹೋಗುವಾಗ ಬ್ರೇಕಣ್ಣ ಬಾಗಿಲಿಗೆ ಬೆನ್ನು ಮಾಡಿ ಕಾವಲು ನಿಂತ. ಯಾರೂ ಬರದಿರಲಿ ಎಂದು ಗಟ್ಟಿಯಾಗಿ ಹಾಡುತ್ತಿದ್ದ. ಅವನ ಕಂಠಕ್ಕೆ ಹೆದರಿ ಯಾರೂ ಬರಲೂ ಇಲ್ಲ. ಅಕ್ಕ, ನಿನ್ನಿಂದ ನಾನು ಗಾಯಕನಾದೆ ಎಂದ. ಅವನ ಋಣ ನನ್ನ ಮೇಲಿದೆ, ಆದರೆ ಉಚ್ಚೆ ಹೊಯ್ಯಲು ಹೋಗುವುದನ್ನು ದಿನಕ್ಕೆ ಮೂರು ಸಲ ಊರಿಗೆಲ್ಲ ಸಾರಿಸಿಕೊಂಡು ಎಷ್ಟು ವರ್ಷ ಇರಲಿ?

ಮನೆಯಲ್ಲಿ ಅಭ್ಯಾಸ ನಡೆಯಿತು. ಅಮ್ಮ ಪೆಟ್ಟಿಗೆಯ ತಳದಿಂದ ತನ್ನ ಕಂಡಕ್ಟರ್ ಸೀಟಿ ಹುಡುಕಿ ತೆಗೆದಳು. ನಾನು ನಡುಮನೆಯಲ್ಲಿ ಬೋರಲು ಮಲಗುವುದು, ಅವಳು ಸೀಟಿ ಊದುವುದು, ನಾನು ಅಂಗೈ ಒತ್ತಿ, ಒಂದು ಮಂಡಿಯೂರಿ, ಉಸಿರು ಬಿಟ್ಟು, ಮೀನಖಂಡ ಬಿಗಿಹಿಡಿದು ಏಳುವುದು. ಬಸ್ಸು ಹೊರಡಿಸುವಂತೆ ಅವಳು ಸೀಟಿ ಊದುತ್ತಿದ್ದಳು. ಈ ಬಸ್ಸು ಯಾವಾಗ ಮನೆಯಿಂದ ಹೊರಡುತ್ತದೆ ಎಂದು ಅಣ್ಣ ಗೊಣಗಿದ. ಮೊದಲ ದಿನ ಎರಡು ಸಲ ಕಣ್ಣು ಮಂಜಾಯಿತು. ಭಾನುವಾರ ಇಪ್ಪತ್ತು ಸಲ ಎದ್ದೆ, ಒಂದು ಸಲವೂ ಆಗಲಿಲ್ಲ.

ಸೋಮವಾರ ಅಮ್ಮ ತಾನೂ ಬರುತ್ತೇನೆ ಎಂದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಠಾಣೆಗೆ ಬಂದವಳಲ್ಲ. ಒಂದು ಗಂಟೆ ಬಸ್ಸಿನಲ್ಲಿ ಕೂತು ಬಂದು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗೋಪುರದ ಎದುರಿನ ಬೆಂಚಿನ ಮೇಲೆ ನೆಟ್ಟಗೆ ಕೂತಳು. ಮುಖ್ಯ ಕಚೇರಿಯ ಇಬ್ಬರೂ ಬಂದರು. ಒಬ್ಬರ ಕೈಯಲ್ಲಿ ಗಡಿಯಾರ, ಇನ್ನೊಬ್ಬರ ಕೈಯಲ್ಲಿ ಕಾಗದ. ನಾನು ಅವರ ಮುಂದೆಯೇ ಬಾಟಲಿ ಎತ್ತಿ ಕುಡಿದೆ. ಹೊಟ್ಟೆ ಭಾರವಾಗುತ್ತದೆ, ಈಗ ಬೇಡಮ್ಮ ಎಂದು ಸಾಹೇಬರು ಮೆಲ್ಲಗೆ ಹೇಳಿದರು. ಇನ್ನೆರಡು ಗುಟುಕು ಕುಡಿದೆ.

ಮೊದಲ ಸುತ್ತಿನಲ್ಲಿ ನಾನು ಮಂಡಿಯೂರಿದ್ದಾಗಲೇ ಪಕ್ಕದವನು ಎದ್ದು ಐದು ಹೆಜ್ಜೆ ಓಡಿದ್ದ. ಏಣಿಯ ಮೇಲೆ ಅವನನ್ನು ಹಿಡಿದೆ. ಮೂವತ್ತೆಂಟು ಸೆಕೆಂಡು. ಎರಡನೆಯದು ಮೂವತ್ತೇಳು, ಮೂರನೆಯದೂ ಅಷ್ಟೇ. ನಾಲ್ಕನೆಯದಕ್ಕೆ ಮಲಗಿದಾಗ ಕೋಟಿನೊಳಗೆ ಬೆವರು ಹೊಳೆಯಾಗಿ ಹರಿಯುತ್ತಿತ್ತು. ಸೀಟಿ ಊದಿತು. ಅಂಗೈ ಒತ್ತಿ ಮಂಡಿಯೂರಿದೆ. ಅಂಗಳದ ಅಂಚಿನಲ್ಲಿ ಆ ಹಳೆಯ ಕತ್ತಲೆ ಇಣುಕಿತು. ಕೈ ತಾನಾಗಿ ಬೂಟಿನ ದಾರದ ಕಡೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ಏಳಲೂ ಇಲ್ಲ. ಹಿಂದಿನಿಂದ ಯಾರೋ ಏಳಕ್ಕ, ಏಳಕ್ಕ ಎಂದರು. ನನ್ನ ತಲೆ ನನಗೆ ಪೂರ್ತಿ ವಾಪಸು ಬರುವವರೆಗೆ ಯಾರಪ್ಪ ಹೇಳಿದರೂ ಏಳುವುದಿಲ್ಲ ಎಂದು ಹಟ ಹಿಡಿದು, ಇನ್ನೊಂದು ಉಸಿರು ಎಳೆದೆ. ಕತ್ತಲೆ ಸರಿಯಿತು. ಎದ್ದೆ, ಓಡಿದೆ. ಮೂರನೇ ಮಹಡಿಯ ಕಿಟಕಿಯೊಳಗೆ ಕಾಲು ಹಾಕಿದಾಗ ಕೆಳಗೆ ಗಡಿಯಾರದವರು ಮೂವತ್ತೊಂಬತ್ತು ಎಂದು ಕೂಗಿದರು.

ಇಳಿದು ಬಂದಾಗ ಅವರು ಹುಬ್ಬು ಗಂಟಿಕ್ಕಿ ನಿಂತಿದ್ದರು.

"ಮಂಡಿ ಊರೋದು ನಿಯಮದಲ್ಲಿ ಇಲ್ವಲ್ಲ."

"ಊರಬಾರ್ದು ಅಂತಾನೂ ಇಲ್ಲ. ಓಲಾಡಿದ್ನಾ, ಅದನ್ನ ಬರ್ಕೊಳ್ಳಿ."

ಇಬ್ಬರೂ ಕಾಗದ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಉತ್ತೀರ್ಣ ಎಂದು ಬರೆದರು. ಹುಡುಗರು ಚಪ್ಪಾಳೆ ತಟ್ಟಿದರು, ಸಾಹೇಬರು ಕೈ ಕುಲುಕಲು ಬಂದರು. ಅವರ ಮುಖದಲ್ಲಿ ನಿಜವಾದ ಸಂತೋಷವೇ ಇತ್ತು. ನಾನು ಕೈ ಕೊಡಲಿಲ್ಲ. ಬೆಳಿಗ್ಗೆಯಿಂದ ಒಂದೂವರೆ ಲೀಟರ್ ನೀರು ಕುಡಿದಿದ್ದೆ, ಬ್ರೇಕಣ್ಣ ಗಾಡಿ ತೊಳೆಸಲು ಹೋಗಿದ್ದ. ಗೋಪುರದ ಗೋಡೆಗೆ ಒರಗಿಸಿದ್ದ ಹಾರೆಯನ್ನು ಕೈಗೆತ್ತಿಕೊಂಡೆ. ಬೆಂಕಿ ಬಿದ್ದ ಮನೆಯ ಬಾಗಿಲು ಮೀಟಲು ಬಳಸುವ ಹಾರೆ ಅದು.

"ಸಾಹೇಬ್ರೇ, ಬೀಗದ ಕೈ ಕೊಡ್ತೀರಾ, ಬಾಗಿಲು ಒಡೀಲಾ? ಹದಿನಾಲ್ಕು ಸೆಕೆಂಡು ಸಾಕು ನಂಗೆ. ನೀವೇ ಕಲಿಸಿದ್ದು."

ಮುಖ್ಯ ಕಚೇರಿಯವರಲ್ಲಿ ಒಬ್ಬರು ಯಾವ ಬಾಗಿಲು ಎಂದು ಸಾಹೇಬರನ್ನು ಕೇಳಿದರು. ಸಾಹೇಬರು ರೂಮಿಗೆ ಹೋಗಿ, ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಬಂದು ನನ್ನ ಅಂಗೈಯಲ್ಲಿಟ್ಟರು. ಹಾರೆಯನ್ನು ಅವರ ಕೈಗೆ ಕೊಟ್ಟು ಒಳಗೆ ಹೋದೆ.

ಹೊರಗೆ ಬಂದಾಗ ಅಮ್ಮ ಅದೇ ಬೆಂಚಿನ ಮೇಲೆ ಕೂತಿದ್ದಳು. ತುಟಿ ಒಣಗಿ ಬಿಳಿಚಿತ್ತು. ಬೆಳಿಗ್ಗೆಯಿಂದ ನೀರು ಕುಡಿದೆಯಾ ಎಂದು ಕೇಳಿದೆ. ಅರವತ್ತೆಂಟು ವರ್ಷದ ಹೆಂಗಸು, ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದಳು.

"ಬಸ್ಸಲ್ಲಿ ಬರ್ಬೇಕಿತ್ತಲ್ಲೇ."

ಬಾಟಲಿ ಕೊಟ್ಟೆ. ಅತ್ತ ಇತ್ತ ನೋಡಿ ಒಂದು ಗುಟುಕು ಕುಡಿದಳು. ಆಮೇಲೆ ಕತ್ತು ಹಿಂದಕ್ಕೆ ಚೆಲ್ಲಿ, ಬಾಟಲಿ ಖಾಲಿಯಾಗುವವರೆಗೆ ಬಿಡಲಿಲ್ಲ. ಅವಳ ಪಕ್ಕದಲ್ಲೇ ಕೂತೆ. ಅರ್ಧ ಗಂಟೆ ಕಳೆದಿರಬೇಕು, ಅವಳು ಕೂತಲ್ಲೇ ಮೆಲ್ಲಗೆ ಮಿಸುಕಾಡಿದಳು. ನನಗೆ ಆ ಮಿಸುಕಾಟ ಗೊತ್ತು. ಬೀಗದ ಕೈಯನ್ನು ಅವಳ ಕೈಗೆ ಕೊಟ್ಟು, ಎಲ್ಲಿ ಎಂದು ತೋರಿಸಿದೆ. ಮೆಲ್ಲಗೆ ಏಳು, ಮೊದಲು ಒಂದು ಉಸಿರು ತಗೋ ಎಂದೆ. ನನಗೇ ಪಾಠ ಹೇಳುತ್ತೀಯಾ ಎಂದು ಗದರಿ, ನಾನು ಹೇಳಿದಂತೆಯೇ ಮೆಲ್ಲಗೆ ಎದ್ದಳು.

ಸಾಹೇಬರ ರೂಮಿನಲ್ಲಿ ಮೂವರು ಅಧಿಕಾರಿಗಳೂ ಕಾಗದ ಹರಡಿಕೊಂಡು ಕೂತಿದ್ದರು. ಅಮ್ಮ ಕೈಚೀಲ ಹಿಡಿದು ಅವರ ಮಧ್ಯದಿಂದಲೇ ನಡೆದು ಹೋದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಹಿತ್ತಾಳೆಯ ಚಿಲಕ ಬಿದ್ದ ಸದ್ದು ಬಾಗಿಲ ಬಳಿ ನಿಂತ ನನಗೂ ಕೇಳಿಸಿತು. ತುಂಬಾ ಹೊತ್ತು ಬರಲಿಲ್ಲ. ಗಡಿಯಾರದವರು ಮೇಜಿನ ಮೇಲಿನ ಪೆನ್ನುಗಳನ್ನು ಎಣಿಸುತ್ತಿದ್ದರು, ಸಾಹೇಬರು ಛಾವಣಿ ನೋಡುತ್ತಿದ್ದರು. ಅಮ್ಮ ಮುಖ ತೊಳೆದುಕೊಂಡು ಬಂದಿದ್ದಳು. ಕರ್ಚೀಫಿನಿಂದ ಕೈ ಒರೆಸಿಕೊಳ್ಳುತ್ತಾ ಸಾಹೇಬರ ಮೇಜಿನ ಮುಂದೆ ನಿಂತಳು. ಕಣ್ಣು ಕೆಂಪಾಗಿತ್ತು.

"ಚಿಲಕ ಗಟ್ಟಿ ಇದೆ," ಎಂದಳು.

ಅಷ್ಟು ಹೇಳಿ ಹೊರಗೆ ಬಂದಳು. ಬೀಗದ ಕೈಯನ್ನು ಮೊಳೆಗೆ ಹಾಕಲಿಲ್ಲ, ನನ್ನ ಕೋಟಿನ ಜೇಬಿಗೆ ಹಾಕಿ ಮೇಲಿನಿಂದ ತಟ್ಟಿದಳು. ಅದು ಈಗಲೂ ನನ್ನ ಹತ್ತಿರವೇ ಇದೆ. ಸಾಹೇಬರಿಗೆ ಬೇಕಾದಾಗ ಬಂದು ಕೇಳುತ್ತಾರೆ, ಕೊಡುತ್ತೇನೆ. ಅರ್ಜಿ ಏನೂ ಬೇಡ ಎಂದಿದ್ದೇನೆ.